ಮುಂದಿನ ಗೋಡೆಯಿಲ್ಲದ ಮನೆ

ಆ ಹೋಟೆಲಿನಲ್ಲಿ ವರ್ಷದ ಕೊನೆಯ ರಜೆಗಳು ಹತ್ತಿರ ಬಂದವೆಂದರೆ ಹಜಾರದ ನಡುವೆ, ದೊಡ್ಡ ಮೆಟ್ಟಿಲುಗಳ ಎದುರಿಗೆ, ಚಾಕೊಲೇಟಿನಲ್ಲಿ ಏನಾದರೊಂದನ್ನು ಕಟ್ಟಿ ನಿಲ್ಲಿಸುತ್ತಿದ್ದರು. ಒಂದು ವರ್ಷ ಹಡಗು, ಒಂದು ವರ್ಷ ಗಡಿಯಾರದ ಗೋಪುರ, ಇನ್ನೊಂದು ವರ್ಷ ಕಪಾಟಿನ ತುಂಬ ಬೊಂಬೆಗಳಿದ್ದ ಅಂಗಡಿ. ಊರಿನವರು ಮಕ್ಕಳನ್ನು ಕರೆದುಕೊಂಡು ಬಂದು, ಅಡ್ಡ ಕಟ್ಟಿದ ಹಗ್ಗದ ಆಚೆ ನಿಂತು, ಮೂಗು ಅರಳಿಸಿ ವಾಸನೆ ಎಳೆದುಕೊಂಡು ಹೋಗುತ್ತಿದ್ದರು. ಅದನ್ನೆಲ್ಲ ಮಾಡುತ್ತಿದ್ದವಳು ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಅಡುಗೆಮನೆಯವರೆಲ್ಲ ಅವಳನ್ನು ಅತ್ತೆ ಎನ್ನುತ್ತಿದ್ದರು.

ಮೊದಲು ಅವಳಿಗೆ ಆ ಹೆಸರಿರಲಿಲ್ಲ. ಬೇಕರಿಯ ಬ್ರೆಡ್ ಗಾಡಿ ಓಡಿಸುತ್ತಿದ್ದ ಅವಳ ಒಬ್ಬನೇ ಮಗ, ಮಂಜು ಕವಿದ ಒಂದು ಬೆಳಗ್ಗೆ, ಹೆದ್ದಾರಿಯಲ್ಲಿ ತೀರಿಕೊಂಡ. ಆಗ ಸೊಸೆಯ ಮಡಿಲಲ್ಲಿ ಇನ್ನೂ ಹಾಲು ಕುಡಿಯುವ ಕೂಸು. ಸೊಸೆ ಎಷ್ಟೋ ತಿಂಗಳು ಗೋಡೆ ನೋಡುತ್ತ ಕೂತಳು. ಹೀಗೇ ಬಿಟ್ಟರೆ ಇವಳೂ ಕೈತಪ್ಪಿ ಹೋಗುತ್ತಾಳೆ ಅನ್ನಿಸಿ ಅತ್ತೆ ಒಂದು ದಿನ ಅವಳ ಕೈಗೆ ಏಪ್ರನ್ ತುರುಕಿ, "ನಡಿ ನನ್ನ ಜೊತೆ. ಅಚ್ಚು ಒರೆಸೋಕಾದ್ರೂ ಇನ್ನೊಂದು ಜೊತೆ ಕೈ ಬೇಕು" ಎಂದು ಕರೆದುಕೊಂಡು ಬಂದಳು. ಸೊಸೆ ಉಸಿರಿಗೊಂದು ಸಲ "ಅತ್ತೆ, ಇದು ಸರೀನಾ? ಅತ್ತೆ, ಇಷ್ಟು ಸಾಕಾ?" ಎನ್ನುವುದನ್ನು ಕೇಳಿ ಕೇಳಿ, ಪಾತ್ರೆ ತೊಳೆಯುವವರಿಂದ ಹಿಡಿದು ದೊಡ್ಡ ಬಾಣಸಿಗನವರೆಗೆ ಎಲ್ಲರ ಬಾಯಲ್ಲೂ ಅವಳು ಅತ್ತೆಯೇ ಆಗಿಹೋದಳು. "ಇಷ್ಟು ಜನ ಅಳಿಯಂದಿರು, ಸೊಸೆಯರು. ಒಬ್ಬರಾದ್ರೂ ಒಂದು ಲೋಟ ಚಹಾ ತಂದುಕೊಡ್ತೀರಾ ಅಂದ್ರೆ ಅದಿಲ್ಲ" ಎಂದು ಅವಳು ಗೊಣಗುತ್ತಿದ್ದಳು. ಅತ್ತೆ ಸೊಸೆ ಬೆಳಗಿನಿಂದ ಸಂಜೆತನಕ ಒಂದೇ ಮೇಜಿನ ಎರಡು ಬದಿ ನಿಂತು, ಆಮೇಲೆ ಒಂದೇ ಬಸ್ಸಿನಲ್ಲಿ ಒಂದೇ ಮನೆಗೆ ಹೋಗುವುದನ್ನು ನೋಡಿ, ಇವರು ಜಗಳವಾಡುವುದು ಯಾವಾಗ ಎಂದು ಅಡುಗೆಮನೆಯವರು ತಮಾಷೆ ಮಾಡುತ್ತಿದ್ದರು.

ಚಾಕೊಲೇಟಿನ ಕೆಲಸಕ್ಕೆ ತಣ್ಣನೆಯ ಕೈ ಬೇಕು. ವಯಸ್ಸಾದ ಹಾಗೆ ಅತ್ತೆಯ ಅಂಗೈಗೆ ಶಾಖ ಏರತೊಡಗಿತ್ತು. ನುಣುಪಾದ ಮೈ ಮೇಲೆ ಅವಳು ಎಲ್ಲಿ ಮುಟ್ಟಿದರೂ ಅಲ್ಲಿ ಬೆರಳಿನ ಗುರುತು ಬೀಳುತ್ತಿತ್ತು. "ನನ್ನ ಕೈಗೆ ಬೇಸಿಗೆ ಬಂದುಬಿಟ್ಟಿದೆ ಕಣೇ" ಎಂದು ಅವಳು ನಗುತ್ತಿದ್ದಳು. ಸೊಸೆಯ ಕೈಯೋ ಬಾವಿಯ ನೀರಿನ ಹಾಗೆ. ಹಾಗಾಗಿ ಕೆಲಸ ತನ್ನಷ್ಟಕ್ಕೆ ಹಂಚಿಹೋಗಿತ್ತು. ಚಾಕೊಲೇಟನ್ನು ಕರಗಿಸಿ, ಕಲ್ಲಿನ ಮೇಜಿನ ಮೇಲೆ ಹರಡಿ ಬಾಚಿ ತಣಿಸಿ, ಮತ್ತೆ ತುಸುವೇ ಬೆಚ್ಚಗೆ ಮಾಡಿ ಹದಕ್ಕೆ ತರುವುದು ಅತ್ತೆಯ ಪಾಲು. ಹದ ಬಂತೋ ಇಲ್ಲವೋ ಎಂಬುದನ್ನು ಅವಳು ಕೆಳದುಟಿಗೆ ಒಂದು ತೊಟ್ಟು ಮುಟ್ಟಿಸಿಯೇ ಹೇಳುತ್ತಿದ್ದಳು. ಹದ ತಪ್ಪಿದರೆ ಮಾರನೆಯ ದಿನ ಮೇಲೆಲ್ಲ ಬೂದಿ ಎರಚಿದಂತೆ ಬಿಳಿಚಿಕೊಳ್ಳುತ್ತದೆ. ಗೋಡೆ, ಚಾವಣಿ, ಕಂಬ ಎರಕ ಹೊಯ್ಯುವುದೂ ಅವಳದೇ. ಮನುಷ್ಯರನ್ನು ಮಾಡುವುದು ಸೊಸೆ. ಕಡ್ಡಿಯ ಗಾತ್ರದ ಚಾಕು ಹಿಡಿದು ಅವಳು ಕೂತಳೆಂದರೆ ಹೆಬ್ಬೆಟ್ಟಿನಷ್ಟು ಮುಖದಲ್ಲೂ ಸಿಡುಕು, ನಿದ್ದೆ, ಹಸಿವು ಬೇರೆ ಬೇರೆಯಾಗಿ ಕಾಣುತ್ತಿದ್ದವು.

ಆ ವರ್ಷ ಮ್ಯಾನೇಜರ್ ಕೆಳಗಿಳಿದು ಬಂದು, "ಈ ಸಲ ಅರಮನೆ ಮಾಡಿ. ಜನ ದಂಗಾಗಿ ಹೋಗಬೇಕು" ಎಂದ.

"ಅರಮನೆ ಎಲ್ಲರೂ ಮಾಡ್ತಾರೆ ಸರ್" ಎಂದಳು ಸೊಸೆ, ತಲೆ ಎತ್ತದೆ. "ಮನೆ ಮಾಡೋಣ. ನಾಲ್ಕು ಮಹಡಿ. ಮುಂದಿನ ಗೋಡೆ ಬೇಡ. ಒಳಗೆ ಯಾರು ಏನು ಮಾಡ್ತಿದ್ದಾರೆ ಅನ್ನೋದು ಎಲ್ಲಾ ಕಾಣೋ ಹಾಗೆ."

ಮ್ಯಾನೇಜರ್ ಅತ್ತೆಯ ಮುಖ ನೋಡಿದ. ಅವಳು ಹೆಮ್ಮೆ ಮುಚ್ಚಿಕೊಳ್ಳಲು ಮುಖ ಗಂಟು ಹಾಕಿಕೊಂಡು, "ಅವಳು ಹೇಳಿದ ಮೇಲೆ ಮುಗೀತು. ನಮ್ಮ ಮನೇಲೂ ಹಾಗೇ" ಎಂದಳು.

ಕೆಲಸ ಶುರುವಾಯಿತು. ಒಂದೊಂದೇ ಮಹಡಿ ಎದ್ದುಬಂತು. ಕನ್ನಡಕ ಹಣೆಯ ಮೇಲೇ ಇಟ್ಟುಕೊಂಡು ಮಂಚದ ಕೆಳಗೆ ಹುಡುಕುತ್ತಿರುವ ಮುದುಕ, ಎರಡೂ ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲ ನಡುವೆ ಉಸಿರು ಬಿಡಲು ನಿಂತ ದಪ್ಪ ಹೆಂಗಸು, ಅರ್ಧ ಗಡ್ಡ ಕೆರೆದುಕೊಂಡು ನಲ್ಲಿಯನ್ನು ದಿಟ್ಟಿಸುತ್ತಿರುವ ಗಂಡಸು, ಮೇಜಿನ ಕೆಳಗೆ ಅಡಗಿ ಏನೋ ತಿನ್ನುತ್ತಿರುವ ಮಗು. ಕೊನೆಯದು ಇರುವೆ. ಅಂದರೆ ಮೊಮ್ಮಗಳು. ಸಿಹಿ ಎಲ್ಲಿಟ್ಟರೂ ವಾಸನೆ ಹಿಡಿದು ಬರುತ್ತಿದ್ದುದರಿಂದ ಅಜ್ಜಿಯೇ ಇಟ್ಟ ಹೆಸರು ಅದು. ಈಗ ಅವಳು ಶಿಶುವಿಹಾರಕ್ಕೆ ಹೋಗುತ್ತಿದ್ದಳು.

ಆ ಕೋಣೆ ಸದಾ ತಣ್ಣಗಿರಬೇಕು. ಗೋಡೆಯ ಮೇಲಿನ ತಂಪಿನ ಯಂತ್ರ ಹಳೆಯದು. ಅದು ಗೊರಗೊರ ಎಂದಾಗಲೆಲ್ಲ ಅತ್ತೆ ಮೆಕ್ಯಾನಿಕ್ಕಿಗೆ ಫೋನು ಮಾಡುತ್ತಿದ್ದಳು. ಮೆಕ್ಯಾನಿಕ್ಕಿಗೆ ಅಡುಗೆಮನೆಯಲ್ಲಿ ತಂಪಣ್ಣ ಎಂಬ ಹೆಸರಿತ್ತು. ಮಾತು ಕಡಿಮೆ, ಕೈ ಚುರುಕು. ಮೊದಲಿನಿಂದ ಒಬ್ಬಂಟಿ. ಎಲ್ಲರಂತೆ ಅತ್ತೆ ಎನ್ನುತ್ತಿದ್ದವನು ಈಚೀಚೆಗೆ ಅವಳನ್ನು ಅಮ್ಮ ಎನ್ನತೊಡಗಿದ್ದ. ಅದನ್ನು ಅವಳು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಯಂತ್ರ ಸರಿಯಿದ್ದಾಗಲೂ ಅವನು ಬಂದು ಕಿವಿಗೊಟ್ಟು ಕೇಳಿ ಹೋಗುತ್ತಿದ್ದ. ಕೆಲಸದಲ್ಲಿ ಎಷ್ಟು ನಿಷ್ಠೆ ಎಂದೇ ಅವಳು ತಿಳಿದಿದ್ದಳು.

ಒಂದು ಸಂಜೆ ಸೊಸೆ ಅಚ್ಚು ತೊಳೆಯಲು ಉಳಿದಿದ್ದರಿಂದ ಅತ್ತೆಯೊಬ್ಬಳೇ ಶಿಶುವಿಹಾರಕ್ಕೆ ಹೋಗಿ ಇರುವೆಯನ್ನು ಕರೆದುಕೊಂಡು ಹೊರಟಳು. ದಾರಿಯಲ್ಲಿ ಟೈರಿನ ಅಂಗಡಿಯ ಮುಂದೆ ನೀರು ನಿಂತಿತ್ತು. ಇರುವೆ ಅದರ ಮೇಲೆ ಹಾರಿ, "ಅಜ್ಜಿ, ಸಮುದ್ರ ಇದಕ್ಕಿಂತ ದೊಡ್ಡದಾ?" ಎಂದು ಕೇಳಿದಳು.

"ಇದಕ್ಕಿಂತ ಬಹಳ ದೊಡ್ಡದು. ಯಾರು ಹೇಳಿದ್ರು ಸಮುದ್ರದ ವಿಷಯ?"

"ತಂಪಣ್ಣ ಮಾಮ. ಅವರ ಮನೆ ಅಲ್ಲೇ ಅಂತೆ. ಅಮ್ಮ ಹ್ಞೂಂ ಅಂದ್ರೆ ನಾವೂ ಅಲ್ಲೇ ಇರಬಹುದಂತೆ. ಅಮ್ಮ ಅತ್ತಳು."

ಅತ್ತೆ ಮಗುವಿನ ಕೈ ಹಿಡಿದುಕೊಂಡೇ ಉಳಿದ ದಾರಿ ನಡೆದಳು. ಏನು ಮಾತಾಡಿದಳೋ, ಬೀದಿ ಹೇಗೆ ದಾಟಿದಳೋ ಅವಳಿಗೇ ನೆನಪಿಲ್ಲ.

ಅವರ ಮನೆಯೆಂದರೆ ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗಿನ ಹಬೆಯಿಂದ ನೆಲ ಯಾವಾಗಲೂ ಬೆಚ್ಚಗಿರುತ್ತಿತ್ತು. ಊಟಕ್ಕೆ ಕೂತಾಗ ಅತ್ತೆ ಸೊಸೆಯ ಕಡೆ ನೋಡದೆ, ಬ್ರೆಡ್ಡು ಮುರಿಯುತ್ತ ಹೇಳಿದಳು:

"ನನ್ನ ಮಗ ಸತ್ತಿದ್ದು ನಿನಗೆ ಇಷ್ಟು ಬೇಗ ಹಳೇದಾಯ್ತಾ?"

ಸೊಸೆ ಚಮಚ ಕೆಳಗಿಟ್ಟಳು. ಇರುವೆ ಇಬ್ಬರ ಮುಖವನ್ನೂ ನೋಡಿ ತಟ್ಟೆಯೊಳಗೆ ತಲೆ ಹಾಕಿದಳು.

"ಹಳೇದಾಗಿಲ್ಲ ಅತ್ತೆ. ಅವರು ಕೇಳಿದ್ರು. ನಾನು ಆಗಲ್ಲ ಅಂತ ಹೇಳಿಬಿಟ್ಟೆ."

"ಯಾಕೆ ಆಗಲ್ಲ ಅಂದೆ?"

"ನೀವಿದ್ದೀರಲ್ಲ."

ಅಷ್ಟೇ ಹೇಳಿ ಸೊಸೆ ಮಗುವಿನ ಬಾಯಿ ಒರೆಸಲು ಎದ್ದಳು. ಅತ್ತೆಗೆ ಮೊದಲು ಬಂದದ್ದು ನೆಮ್ಮದಿ. ಹೊಟ್ಟೆ ತುಂಬ ತಿಂದಳು, ಮಗುವಿನ ಪಕ್ಕದಲ್ಲಿ ಮಲಗಿ ಕಣ್ಣು ಮುಚ್ಚಿದ ಕೂಡಲೇ ನಿದ್ದೆ ಹೋದಳು. ಬೆಳಗ್ಗೆ ಬಸ್ಸಿನಲ್ಲಿ ಸೊಸೆಯ ಪಕ್ಕ ಕೂತಿದ್ದಾಗ ಆ ಮಾತು ಮತ್ತೆ ಕಿವಿಯಲ್ಲಿ ಆಡಿತು. ನೀವಿದ್ದೀರಲ್ಲ. ತಾನು ಇರುವುದೇ ಅಡ್ಡಿ ಎಂದು ಇದಕ್ಕಿಂತ ಮೆತ್ತಗೆ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಹಾಗೆ ಹೇಳುತ್ತಿದ್ದೇನೆಂಬುದು ಸೊಸೆಗೂ ಗೊತ್ತಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಆಮೇಲಿನ ದಿನಗಳಲ್ಲಿ ತಂಪಣ್ಣ ಕೋಣೆಯ ಕಡೆ ಸುಳಿಯಲಿಲ್ಲ. ಯಂತ್ರ ಗೊರಗೊರ ಎಂದರೆ ಬೇರೊಬ್ಬ ಬಂದು ಎರಡು ಸಲ ಗುದ್ದಿ ಹೋಗುತ್ತಿದ್ದ. ಸೊಸೆ ಕೆಲಸದಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಹೇಳಿದ್ದಕ್ಕೆಲ್ಲ ಹ್ಞೂಂ ಎಂದಳು, ಮನೆಗೆ ಬಂದು ಮಗುವಿಗೆ ಕಥೆಯನ್ನೂ ಹೇಳಿದಳು. ಆದರೆ ಹೊರಗಿನ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಅವಳ ಚಾಕು ಒಂದು ಕ್ಷಣ ನಿಲ್ಲುತ್ತಿತ್ತು. ಬಂದವರು ಯಾರೆಂದು ತಿಳಿದ ಮೇಲೆ ಮತ್ತೆ ಆಡುತ್ತಿತ್ತು. ಮೇಜಿನ ಈಚೆ ನಿಂತು ಅತ್ತೆ ಅದನ್ನು ನೋಡುತ್ತಿದ್ದಳು, ನೋಡಲಿಲ್ಲವೆಂಬಂತೆ ಇರುತ್ತಿದ್ದಳು.

ಮೂರು ಮಹಡಿ ಮುಗಿದು ನಾಲ್ಕನೆಯದು ಮೇಜಿನ ಮೇಲಿದ್ದಾಗ, ಒಂದು ಮಧ್ಯಾಹ್ನ ಯಂತ್ರ ಒಮ್ಮೆ ಕೆಮ್ಮಿ ನಿಂತೇಹೋಯಿತು. ಪಕ್ಕದ ಗೋಡೆಯಾಚೆ ಬೇಕರಿಯ ಒಲೆಗಳು ಉರಿಯುತ್ತಿದ್ದವು. ಸ್ವಲ್ಪ ಹೊತ್ತಿಗೇ ಕೋಣೆಯ ಗಾಳಿ ಬೇರೆಯಾಯಿತು, ಗೋಡೆಗಳ ಹೊಳಪು ಮಂಕಾಯಿತು. ಗುದ್ದಿ ಹೋಗುವವನು ಬಂದು ಗುದ್ದಿದ, ತಲೆ ಕೆರೆದುಕೊಂಡ. ಅತ್ತೆ ಫೋನು ಎತ್ತಿ, ತಾನೇ, ತಂಪಣ್ಣನನ್ನು ಕರೆದಳು.

ಅವನು ಊಟದ ಕೈ ತೊಳೆದವನು ಒರೆಸಿಕೊಳ್ಳದೆ ಓಡಿಬಂದಿದ್ದ. ಸೊಸೆಯ ಕಡೆ ತಿರುಗಲಿಲ್ಲ. ಏಣಿ ಹತ್ತಿ, ಮುಚ್ಚಳ ಬಿಚ್ಚಿ, ಒಳಗೆ ತಲೆ ತೂರಿಸಿ, "ಯಾರಾದ್ರೂ ಟಾರ್ಚ್ ಹಿಡೀರಿ" ಎಂದ. ಹತ್ತಿರ ಇದ್ದವಳು ಸೊಸೆ. ಅವಳೂ ಅವನ ಮುಖ ನೋಡದೆ, ಏಣಿಯ ಪಕ್ಕ ಸ್ಟೂಲಿನ ಮೇಲೆ ನಿಂತು ಬೆಳಕು ಹಿಡಿದಳು. ಕೆಲಸ ಬಹಳ ಹೊತ್ತು ನಡೆಯಿತು. ಅಷ್ಟರಲ್ಲಿ ಅತ್ತೆ ಒಂದನ್ನು ಕಂಡಳು. ಅವನ ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಬೆಳಕು ಮೊದಲೇ ಹೋಗಿ ನಿಂತಿರುತ್ತಿತ್ತು. ಅವನು ಒಮ್ಮೆಯೂ ಇತ್ತ, ಅತ್ತ ಎಂದು ಹೇಳಬೇಕಾಗಲಿಲ್ಲ. ಎಷ್ಟೋ ದಿನದಿಂದ ಬಾಗಿಯೇ ಇದ್ದ ಸೊಸೆಯ ಬೆನ್ನು ಆಗ ನೆಟ್ಟಗಿತ್ತು.

ಯಂತ್ರ ಮತ್ತೆ ಉಸಿರಾಡಿತು. ಅವನು ಸಾಮಾನಿನ ಚೀಲ ಎತ್ತಿಕೊಂಡು ಹೊರಟಾಗ ಅತ್ತೆ ಎರಡು ಲೋಟ ಚಹಾ ಹಿಡಿದು ಹಿಂದಿನಿಂದ ಹೋದಳು. ಹಿತ್ತಲ ಬಾಗಿಲ ಹೊರಗೆ, ಗ್ಯಾಸ್ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿದ ಕಡೆ, ಮೆಟ್ಟಿಲ ಮೇಲೆ ಅವನನ್ನು ಕೂರಿಸಿದಳು.

"ಊರು ಬಿಡ್ತೀಯಂತೆ."

"ಹೌದು ಅಮ್ಮ. ರಜೆ ಮುಗಿದ ಮೇಲೆ. ಬಂದರಿನ ಹತ್ತಿರ ಮೀನು ಇಡೋ ದೊಡ್ಡ ಶೀತಲ ಗೋದಾಮು ಇದೆ, ಅಲ್ಲಿ ಕೆಲಸ. ನಮ್ಮ ತಾಯಿ ಅಲ್ಲಿ ಒಬ್ಬರೇ ಇದ್ದಾರೆ."

"ಕುಡೀತೀಯಾ?"

"ಚಹಾನಾ?"

"ತಮಾಷೆ ಬೇಡ."

"ಇಲ್ಲ ಅಮ್ಮ. ಯಾವಾಗಾದ್ರೂ ಒಮ್ಮೆ. ಅದೂ ಸೇರಲ್ಲ."

"ಕೋಪ ಬರುತ್ತಾ?"

ಅವನು ಯೋಚಿಸಿದ. "ಬರುತ್ತೆ. ಬಂದಾಗ ಏನನ್ನಾದ್ರೂ ಬಿಚ್ಚಿ ಜೋಡಿಸ್ತೀನಿ. ಅಷ್ಟು ಹೊತ್ತಿಗೆ ಇಳಿದಿರುತ್ತೆ."

ಅತ್ತೆ ಚಹಾ ಊದುತ್ತ ಕೂತಳು. ಆಮೇಲೆ, "ಅವಳು ನನ್ನ ಮಗನ ಫೋಟೊ ತಗೊಂಡು ಬಂದ್ರೆ?" ಎಂದಳು.

"ಮೊಳೆ ನಾನೇ ಹೊಡೀತೀನಿ. ಎಷ್ಟು ಎತ್ತರಕ್ಕೆ ಅಂತ ನೀವು ಬಂದು ಹೇಳಿ." ಅವನು ಲೋಟವನ್ನು ಕೈಯಲ್ಲಿ ತಿರುಗಿಸಿದ. "ನೀವೂ ನಮ್ಮ ಜೊತೆ ಬನ್ನಿ ಅಮ್ಮ. ಮನೆ ದೊಡ್ಡದಿದೆ. ಸುಮ್ಮನೆ ಬಾಯಿ ಮಾತಿಗೆ ಹೇಳ್ತಿಲ್ಲ."

ಬಾಯಿ ಮಾತಿಗೆ ಹೇಳುತ್ತಿಲ್ಲವೆಂಬುದು ಅವಳಿಗೂ ಕಂಡಿತು. ಅವನಲ್ಲಿ ಒಂದೇ ಒಂದು ಹುಳುಕು ಸಿಗಲೆಂದು ಅವಳು ಚಹಾ ತಂದಿದ್ದಳು. ಸಿಕ್ಕಿದ್ದರೆ ಆ ದಿನ ಹಗುರವಾಗಿ ಮನೆಗೆ ಹೋಗುತ್ತಿದ್ದಳು. ಲೋಟ ಎರಡನ್ನೂ ಎತ್ತಿಕೊಂಡು ಒಳಗೆ ಬಂದಳು.

ಚಾಕೊಲೇಟ್ ಮನೆಯ ತಾರಸಿಯ ಮೇಲೆ ಒಗೆದ ಬಟ್ಟೆ ಒಣಗಹಾಕಬೇಕೆಂಬುದು ಸೊಸೆಯ ಆಸೆ. ಬಿಳಿ ಚಾಕೊಲೇಟನ್ನು ತೆಳ್ಳಗೆ ಹಾಳೆಯ ಮೇಲೆ ಹರಡಿ ಕಾಯಬೇಕು. ಹರಿಯುವುದನ್ನು ಬಿಟ್ಟು ಇನ್ನೂ ಗಟ್ಟಿಯಾಗದ ಒಂದು ಗಳಿಗೆ ಬರುತ್ತದೆ. ಆಗ ಎರಡು ತುದಿ ಇಬ್ಬರು ಹಿಡಿದು ಎತ್ತಿ, ಕಡ್ಡಿಯ ಮೇಲೆ ಹೊದಿಸಿ, ಗಾಳಿಗೆ ಹಾರಿದಂತೆ ಮಡಿಕೆ ಕೊಡಬೇಕು. ಗಳಿಗೆ ತಪ್ಪಿದರೆ ಒಂದೋ ಜಾರಿ ಬೀಳುತ್ತದೆ, ಇಲ್ಲವೇ ಮುರಿಯುತ್ತದೆ. ಮಾರನೆಯ ದಿನ ಇಬ್ಬರೂ ಅದನ್ನೇ ಮಾಡುತ್ತಿದ್ದರು. ಅಲ್ಲಿ ತಲೆ ಎತ್ತಿ ಮುಖ ನೋಡಲು ಪುರಸೊತ್ತಿರಲಿಲ್ಲ. ಅದಕ್ಕೇ ಅತ್ತೆ ಆ ಹೊತ್ತನ್ನು ಆರಿಸಿಕೊಂಡಳು.

"ತಂಪಣ್ಣನಿಗೆ ಹ್ಞೂಂ ಅಂತ ಹೇಳು."

ಸೊಸೆಯ ಕೈ ಅಲ್ಲೇ ನಿಂತಿತು.

"ಕೈ ನಿಲ್ಲಿಸಬೇಡ, ಮುರಿಯುತ್ತೆ. ಎತ್ತು. ಹಾಗೆ. ಈಗ ಬಿಡು."

ಒಂದು ಚಾದರ ತೂಗಿತು. ಮುಂದಿನದನ್ನು ಹರಡುತ್ತ ಸೊಸೆ ಕೇಳಿದಳು, "ನೀವು ಬರ್ತೀರಾ ಜೊತೆಗೆ?"

"ಇಲ್ಲ."

"ಹಾಗಾದ್ರೆ ಇಲ್ಲ."

"ಕೇಳು ಇಲ್ಲಿ. ನಾನು ಬಂದು ಆ ಮನೇ ಮೂಲೇಲಿ ಕೂತೆ ಅಂತ ಇಟ್ಕೋ. ನೀನು ದಿನಾ ಬೆಳಗ್ಗೆ ಎದ್ದು ನನ್ನ ಮುಖ ನೋಡ್ತೀಯ, ನೋಡಿದ ತಕ್ಷಣ ನನ್ನ ಮಗನ ಹೆಂಡತಿ ಆಗ್ತೀಯ. ನಗೋಕೂ ಹೆದರ್ತೀಯ. ಅವನು ಎಷ್ಟು ಒಳ್ಳೆಯವನಾದ್ರೂ ಅದು ಮುಗಿಯೋದಲ್ಲ. ಅವನ ತಾಯಿಗೂ ಅದೇನು ಸುಖ?"

"ನಾವು ನಿಮಗೆ ಭಾರ ಆಗಿದ್ರೆ ನೇರವಾಗಿ ಹೇಳಿ."

"ನೀನೆಂಥ ಮಾತಾಡ್ತೀಯೇ."

"ಮತ್ತೆ ಇನ್ನೇನು?" ಸೊಸೆ ಈ ತನಕ ಅವಳೆದುರು ದನಿ ಎತ್ತಿದವಳಲ್ಲ. "ನಿಮ್ಮ ಮಗ ಹೇಳದೆ ಕೇಳದೆ ಹೋಗಿಬಿಟ್ರು. ನೀವು ಎದುರಿಗೆ ನಿಂತು ಬಾಗಿಲು ತೋರಿಸ್ತಿದ್ದೀರಿ. ನನಗೆ ತಾಯಿ ಇಲ್ಲ, ತವರಿಲ್ಲ. ಇದ್ದಿದ್ದು ನೀವೊಬ್ರು. ಇರುವೆಗೆ ಏನು ಹೇಳಲಿ ನಾನು, ಅಜ್ಜಿ ಬೇಡ ಅಂದ್ರು ಅಂತಾನಾ?"

ಎರಡನೆಯ ಚಾದರ ನಡುವೆ ಸೀಳಿ ಮೇಜಿನ ಮೇಲೆ ಬಿತ್ತು. ಅತ್ತೆ ಚೂರುಗಳನ್ನು ಒಟ್ಟು ಮಾಡುತ್ತ, ದನಿ ಸರಿ ಮಾಡಿಕೊಂಡಳು.

"ನನಗೆ ನೋವಾಗಲ್ಲ ಅಂತ ಸುಳ್ಳು ಹೇಳಲ್ಲ ಮಗಳೇ. ಆಗುತ್ತೆ. ನೀವಿಬ್ರೂ ಇಲ್ಲದೆ ಆ ಎರಡು ಕೋಣೇಲಿ ಹೇಗಿರ್ತೀನೋ ನನಗೇ ಗೊತ್ತಿಲ್ಲ. ನಿನ್ನೆ ಅದನ್ನೇ ಯೋಚಿಸಿ ಯೋಚಿಸಿ ಸಾಕಾಯ್ತು. ಆದ್ರೆ ಅವತ್ತು ಅಂದೆಯಲ್ಲ, ನೀವಿದ್ದೀರಲ್ಲ ಅಂತ. ಆ ಮಾತು ಹೊತ್ಕೊಂಡು ಸಾಯೋತನಕ ನಿನ್ನ ಜೊತೆ ಇರೋದು ನನ್ನ ಕೈಲಾಗಲ್ಲ. ಇನ್ನೂ ಎಷ್ಟು ವರ್ಷ ಇದೆ ನಿನ್ನ ಮುಂದೆ. ಅವನ ಜೊತೆ ನಿನಗೆ ಸರಿಹೋಗುತ್ತೆ. ನಾನು ನೋಡಿದ್ದೀನಿ."

ಸೊಸೆಯ ಕಣ್ಣು ತುಂಬಿ ಬಂತು. ಕರಗಿದ ಚಾಕೊಲೇಟಿಗೆ ಒಂದು ಹನಿ ನೀರು ಬಿದ್ದರೂ ಸಾಕು, ಪಾತ್ರೆ ಪಾತ್ರೆಯೇ ಗಂಟು ಕಟ್ಟಿ ಹಾಳಾಗುತ್ತದೆ. ಅತ್ತೆ ಮೊಣಕೈಯಿಂದ ಅವಳನ್ನು ಮೆಲ್ಲಗೆ ತಳ್ಳಿ, "ಆಚೆ ತಿರುಗಿ ಅಳು" ಎಂದಳು. ಸೊಸೆ ತಿರುಗಿದಳು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ನಿಂತಳು. ತಾರಸಿಗೆ ಬೇಕಾದ ಬಟ್ಟೆಯನ್ನೆಲ್ಲ ಅವರು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಆ ವರ್ಷದ ಮನೆಯಷ್ಟು ಚೆನ್ನಾಗಿ ಹಿಂದಿನ ಯಾವುದೂ ಬಂದಿರಲಿಲ್ಲ ಎಂದು ಎಲ್ಲರೂ ಹೇಳಿದರು. ಆಳಿಗಿಂತ ಎತ್ತರ, ಕೋಣೆ ಕೋಣೆಗೂ ಒಂದು ಪುಟ್ಟ ದೀಪ. ಜನ ಹಗ್ಗಕ್ಕೆ ಜೋತು ಬಿದ್ದು ಒಬ್ಬರಿಗೊಬ್ಬರು ತೋರಿಸಿಕೊಂಡರು. ಅಗೋ, ನಿಮ್ಮಪ್ಪನ ಹಾಗೇ ಕನ್ನಡಕ ತಲೆ ಮೇಲಿಟ್ಕೊಂಡು ಹುಡುಕ್ತಿದ್ದಾನೆ ನೋಡು ಎಂದು ಒಬ್ಬಳು ಮಗುವಿಗೆ ತೋರಿಸಿ ನಕ್ಕರೆ, ಪಕ್ಕದಲ್ಲಿದ್ದ ಆಕೆಯ ಗಂಡ ತನ್ನ ತಲೆ ಮುಟ್ಟಿ ನೋಡಿಕೊಂಡ. ಇರುವೆ ದಿನಾ ಸಂಜೆ ಬಂದು ಮೇಜಿನ ಕೆಳಗಿನ ಮಗು ತಾನೇ ಎಂದು ಕಂಡವರಿಗೆಲ್ಲ ಹೇಳಿದಳು. ಮ್ಯಾನೇಜರ್ ಅತ್ತೆಯ ಕೈ ಕುಲುಕಿದ. ಅವಳು ನಕ್ಕಳು, ಹೊಗಳಿಕೆಗೆ ಉತ್ತರ ಕೊಟ್ಟಳು. ಆದರೆ ಆ ಹೊತ್ತಿನಲ್ಲೆಲ್ಲ ಅವಳ ಕಣ್ಣು ಹಜಾರದ ಆ ತುದಿಯಲ್ಲಿ ನಿಂತ ಸೊಸೆಯ ಮೇಲಿತ್ತು. ತಂಪಣ್ಣ ಏನೋ ಹೇಳಿದ್ದಕ್ಕೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮಗ ಇದ್ದಾಗ ನಗುತ್ತಿದ್ದ ಹಾಗೆಯೇ.

ರಜೆಗಳು ಮುಗಿಯುತ್ತಿದ್ದಂತೆ ಮದುವೆಯಾಯಿತು. ಒಂದು ಸರಕಾರಿ ಕಚೇರಿಯ ಮೇಜಿನ ಮುಂದೆ ಇಬ್ಬರೂ ಸಹಿ ಮಾಡಿದರು. ಹೆಣ್ಣಿನ ಕಡೆಯವರು ಯಾರು ಎಂದು ಗುಮಾಸ್ತ ಕೇಳಿದಾಗ ಅತ್ತೆ ಮುಂದೆ ಬಂದು, "ನಾನು" ಎಂದಳು. ಏನಾಗಬೇಕು ಎಂದು ಅವನು ಕೇಳಿದ. "ಅತ್ತೆ" ಎಂದಳು. ಅವನು ಪೆನ್ನು ಎತ್ತಿ ಅವಳನ್ನೊಮ್ಮೆ ನೋಡಿ, ಏನನ್ನೂ ಕೇಳದೆ ಸಹಿ ಹಾಕಿಸಿಕೊಂಡ.

ಹೊರಡುವ ದಿನ ಬೆಳಗ್ಗೆ ಬಸ್ಸು ನಿಲ್ದಾಣದಲ್ಲಿ ಬಿಸಿಲು ಚೆನ್ನಾಗಿತ್ತು. ಸಾಮಾನೆಲ್ಲ ಮೇಲೇರಿತು. ಇರುವೆ ಸುತ್ತ ನೋಡಿ, "ಅಜ್ಜಿ, ನಿನ್ನ ಚೀಲ ಎಲ್ಲಿ?" ಎಂದಳು.

ಎಷ್ಟು ಸಲ ಹೇಳಿದ್ದರೂ ಅದು ಮಗುವಿನ ತಲೆಗೆ ಹೋಗಿರಲಿಲ್ಲ. ಸೊಸೆ ಮುಖ ಆಚೆ ತಿರುಗಿಸಿದಳು. ಅತ್ತೆ ಕುಕ್ಕುರುಗಾಲಿನಲ್ಲಿ ಕೂತು ಮಗುವಿನ ಕೋಟಿನ ಗುಂಡಿ ಹಾಕಿದಳು.

"ನಾನು ಆ ಮನೆ ಒಡೀಬೇಕಲ್ಲ ಪುಟ್ಟ. ಪ್ರತಿ ವರ್ಷ ಒಡೀತೀನಲ್ಲ."

"ಒಡೆದಾದ ಮೇಲೆ ಬರ್ತೀಯಾ?"

"ಬರ್ತೀನಿ."

"ಸಂಜೆಗೆ ಬರ್ತೀಯಾ?"

ಅವಳು ಕೋಟಿನ ಕಾಲರು ಸರಿಮಾಡಿದಳು. ತಂಪಣ್ಣ ಮಗುವನ್ನು ಎತ್ತಿಕೊಂಡ. ಸೊಸೆ ಹತ್ತಿರ ಬಂದು ಅತ್ತೆಯ ಎರಡೂ ಅಂಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಬಸ್ಸು ತಿರುಗಿ ರಸ್ತೆಗೆ ಇಳಿಯುವಾಗ ಕಿಟಕಿಯೊಳಗಿಂದ ಇರುವೆ ಅಜ್ಜೀ, ಅಜ್ಜೀ ಎಂದು ಕೂಗುತ್ತಿದ್ದುದು ನಿಲ್ದಾಣಕ್ಕೆಲ್ಲ ಕೇಳಿತು.

ಅಲ್ಲಿಂದ ಅವಳು ಸೀದಾ ಕೆಲಸಕ್ಕೆ ಬಂದಳು. ಮರದ ಸುತ್ತಿಗೆ ಹಿಡಿದು ಹಜಾರಕ್ಕೆ ಹೋದಾಗ ಅಡುಗೆಮನೆಯವರು ಡಬ್ಬಿ, ಚೀಲ ಹಿಡಿದು ಕಾದಿದ್ದರು. ಮನೆ ಒಡೆದ ದಿನ ಮಕ್ಕಳಿಗೆಂದು ಅವರೆಲ್ಲ ಒಂದೊಂದು ತುಂಡು ಒಯ್ಯುವುದು ವಾಡಿಕೆ. ಎಂದಿನಂತೆ ಅವಳು ತಾರಸಿಯಿಂದ ಶುರುಮಾಡಿದಳು. ಗೋಡೆಗಳು ಟಪ್ ಟಪ್ ಎಂದು ಮುರಿದವು. ಹದ ಚೆನ್ನಾಗಿ ಕೂತಿತ್ತು. ಮುದುಕನನ್ನು ಕಾವಲುಗಾರನಿಗೆ ಕೊಟ್ಟಳು, ದಪ್ಪ ಹೆಂಗಸನ್ನು ಪಾತ್ರೆ ತೊಳೆಯುವವಳಿಗೆ. ಮೇಜಿನ ಕೆಳಗಿನ ಮಗುವನ್ನು ದೊಡ್ಡ ಬಾಣಸಿಗ ಎತ್ತಿ, "ಇದು ನಿಮಗಿರಲಿ ಅತ್ತೆ" ಎಂದು ಕೊಡಲು ಬಂದ. "ಬೇಡ. ಇಟ್ಟರೆ ಹಾಳಾಗುತ್ತೆ, ತಿನ್ನೋಕೆ ನನಗಾಗಲ್ಲ. ನಿನ್ನ ಮಗನಿಗೆ ಕೊಡು" ಎಂದಳು. ಯಾರೂ ತಮಾಷೆ ಮಾಡಲಿಲ್ಲ. ಒಬ್ಬೊಬ್ಬರಾಗಿ ತಮ್ಮ ಪಾಲು ಹಿಡಿದು ಕೆಳಗಿಳಿದರು. ಅವಳು ನೆಲಕ್ಕೆ ಬಿದ್ದ ಪುಡಿಯನ್ನು ಗುಡಿಸಿ, ಗೋಣಿಯಲ್ಲಿ ಕಟ್ಟಿ, ಹಜಾರದ ಕಲ್ಲನ್ನು ಒದ್ದೆ ಬಟ್ಟೆಯಿಂದ 'ಒರೆಸಿದ್ದು ಸಾಕು' ಎಂದು ಮ್ಯಾನೇಜರ್ ಬಂದು ಹೇಳುವವರೆಗೂ ಒರೆಸುತ್ತಲೇ ಇದ್ದಳು.

ಆಮೇಲೆ ಫೋನು ಬರುತ್ತಿತ್ತು. ಮೊದಲು ದಿನಾ, ಆಮೇಲೆ ವಾರಕ್ಕೊಮ್ಮೆ. ಇರುವೆ ಮೊದಮೊದಲು ಅಳುತ್ತಿದ್ದಳು. ನಂತರ ಶಾಲೆಯ ಸುದ್ದಿ, ಏಡಿಯ ಸುದ್ದಿ ಹೇಳತೊಡಗಿದಳು. ಹೊರಗೆ ಗೆಳತಿಯರು ಕರೆದರೆ ಫೋನನ್ನು ಹಾಗೇ ಮಂಚದ ಮೇಲೆ ಎಸೆದು ಓಡುತ್ತಿದ್ದಳು. ಅತ್ತೆ ಸ್ವಲ್ಪ ಹೊತ್ತು ಆ ಮನೆಯ ಫ್ಯಾನಿನ ಸದ್ದು ಕೇಳಿಸಿಕೊಂಡು ಇಡುತ್ತಿದ್ದಳು. ಕೆಲಸಕ್ಕೆ ಹೊಸಬಳೊಬ್ಬಳು ಬಂದಳು. ಅಡುಗೆಮನೆಯವರು ಅತ್ತೆ ಎನ್ನುವುದನ್ನು ಬಿಡಲಿಲ್ಲ.

ಸೊಸೆಗೆ ದಿನ ತುಂಬುತ್ತ ಬಂದಿದೆ ಎಂದು ತಿಳಿದಾಗ ಅವಳು ರಜೆ ಹಾಕಿ ಹೊರಟಳು. ಸಮುದ್ರದ ಊರಿನ ಮನೆ ಅವನು ಹೇಳಿದಂತೆ ದೊಡ್ಡದಾಗಿಯೇ ಇತ್ತು. ಬೆಳಕಿದ್ದ ಗೋಡೆಯ ಮೇಲೆ, ಕಣ್ಣಿನ ಎತ್ತರಕ್ಕೆ, ಮಗನ ಫೋಟೊ ಇತ್ತು. ಇರುವೆ ಒಂದು ಗೇಣು ಬೆಳೆದಿದ್ದಳು. ಬಾಗಿಲಲ್ಲಿ ಒಂದು ಕ್ಷಣ ನಾಚಿ ನಿಂತು, ಆಮೇಲೆ ಓಡಿಬಂದು ಚೀಲಕ್ಕೆ ಕೈ ಹಾಕಿದಳು. ಸೊಸೆ ಮೈ ತುಂಬಿಕೊಂಡು ಚೆನ್ನಾಗಿದ್ದಳು. ಅತ್ತೆಯನ್ನು ಅಪ್ಪಿಕೊಂಡು, ಕೂರಿಸಿ, "ಅಮ್ಮ, ನೀರು ಕುಡೀರಿ" ಎಂದಳು. ಆಮೇಲೂ ಪ್ರತಿ ಮಾತಿಗೆ ಅಮ್ಮ ಎಂದೇ ಕರೆದಳು. ಎಷ್ಟು ಯೋಚಿಸಿ ಆ ಹೆಸರನ್ನು ಆರಿಸಿರಬಹುದೆಂದು ಅವಳಿಗೆ ಅರ್ಥವಾಯಿತು. ಅದಕ್ಕಿಂತ ದೊಡ್ಡ ಹೆಸರು ಇನ್ನಾವುದಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ತಂಪಣ್ಣನ ತಾಯಿ ಮೆತ್ತನೆಯ ಸ್ವಭಾವದ ಮುದುಕಿ. ಮಾರನೆಯ ದಿನ ಇಬ್ಬರೂ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಮೊಣಕಾಲು ನೋವಿನ ವಿಷಯ ಮಾತಾಡುತ್ತ, ಹಸಿ ಬಟಾಣಿ ಬಿಡಿಸುತ್ತಿದ್ದರು. ಅಂಗಳದಲ್ಲಿ ಇರುವೆ ಕುಂಟಾಟ ಆಡುತ್ತಿದ್ದಳು. ಒಳಗಿನಿಂದ ಸೊಸೆಯ ದನಿ ಬಂತು.

"ಅತ್ತೆ, ಒಂಚೂರು ಬನ್ನಿ ಇಲ್ಲಿ."

"ಬಂದೆ ಕಣೇ" ಎನ್ನುತ್ತ ಅವಳು ಎದ್ದು ನಿಂತಳು. ಪಕ್ಕದಲ್ಲಿ ತಂಪಣ್ಣನ ತಾಯಿಯೂ ಕುರ್ಚಿಯ ತೋಳು ಹಿಡಿದು ಅರ್ಧ ಎದ್ದಿದ್ದಳು.

ಇಬ್ಬರೂ ಹಾಗೆಯೇ ನಿಂತರು. ಬಾಗಿಲಿಗೆ ಬಂದ ಸೊಸೆ ಅವರಿಬ್ಬರನ್ನೂ ನೋಡಿದಳು. ಅವಳ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದ ಸೌಟಿನಿಂದ ನೆಲದ ಮೇಲೆ ಹನಿ ಬೀಳುತ್ತಿತ್ತು.

"ನಿಮ್ಮನ್ನೇ ಇರಬೇಕು ಕರೆದಿದ್ದು. ಹೋಗಿ" ಎಂದಳು ತಂಪಣ್ಣನ ತಾಯಿ, ಮೆತ್ತಗೆ.

"ಇಲ್ಲ, ನಿಮ್ಮನ್ನೇ" ಎಂದಳು ಅವಳು. "ನನ್ನ ಕಿವಿ ಈಚೆಗೆ ಸರಿಯಾಗಿ ಕೇಳಲ್ಲ."

ತಂಪಣ್ಣನ ತಾಯಿ ಒಳಗೆ ಹೋದಳು. ಸೊಸೆ ಬಾಗಿಲಲ್ಲೇ ನಿಂತು ಏನೋ ಹೇಳಲು ಬಾಯಿ ತೆರೆದಳು. ಅವಳು ಕೈ ಅಲ್ಲಾಡಿಸಿ, "ಹೋಗು, ಒಲೆ ಮೇಲಿದ್ದದ್ದು ಸೀದುಹೋಗುತ್ತೆ" ಎಂದು ಒಳಗೆ ಕಳಿಸಿ, ಕುರ್ಚಿಯಲ್ಲಿ ಕೂತು, ಬುಟ್ಟಿಯಲ್ಲಿ ಉಳಿದ ಬಟಾಣಿಯನ್ನು ಬಿಡಿಸತೊಡಗಿದಳು.